ಬಿದ್ದವರನ್ನು ಎತ್ತದ ದೇಶ

ಅಣ್ಣಿಗೇರಿ

ನಮ್ಮ ಕಡೆಯಿಂದ ಇಂಗ್ಲೆಂಡಿಗೆ ಹೋಗುವವರು ಓದಲಿಕ್ಕೆ ಹೋಗುತ್ತಾರೆ, ಇಲ್ಲವೇ ದೊಡ್ಡ ಡಾಕ್ಟರಾಗಿ ಬರಲಿಕ್ಕೆ ಹೋಗುತ್ತಾರೆ. ಮದುವೆಯನ್ನೇ ಆಗದ ನಾನು ಹೋದದ್ದು ಒಂದು ಬಾಣಂತನಕ್ಕೆ. ಚಿಗವ್ವನ ಮಗಳು ಸರೋಜಾಳಿಗೆ ಅಲ್ಲಿ ದಿನ ತುಂಬಿದ್ದವು. ಅವಳ ಗಂಡ ಗದಗಿನ ಕಡೆಯವರು, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಚಿಗವ್ವ ನೀಲವ್ವನಿಗೆ ಮಗಳ ಬಾಣಂತನ ಬಿಡುವ ಮನಸ್ಸಿಲ್ಲ, ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ, ಹುಬ್ಬಳ್ಳಿಯ ಆಚೆ ಒಬ್ಬಳೇ ಕಾಲಿಟ್ಟವಳಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕನ ಮಗ ಮನೆಯಲ್ಲೇ ಇರುವಾಗ ಬೇರೆ ಜೊತೆ ಯಾಕೆ ಹುಡುಕಬೇಕು? ಬೇಸಿಗೆ ರಜೆಗೆ ಇನ್ನಷ್ಟು ದಿನ ಸೇರಿಸಿ ಹೆಡ್‌ಮಾಸ್ತರರಿಗೆ ಅರ್ಜಿ ಬರೆದುಕೊಟ್ಟೆ.

ಆದರೆ ನಿಜವಾಗಿ ನನ್ನನ್ನು ಹೊರಡಿಸಿದವನು ನನ್ನ ತಮ್ಮ ಮಲ್ಲೇಶಿ. ಅವನು ಹಾಸಿಗೆ ಹಿಡಿದು ಆಗ ಐದು ವರ್ಷ. ಕುತ್ತಿಗೆ ಹೊರಳುತ್ತದೆ. ಕೈಗಳು ಮೊಣಕೈವರೆಗೆ ಅವನ ಮಾತು ಕೇಳುತ್ತವೆ, ಬೆರಳು ಕೇಳುವುದಿಲ್ಲ. ಅದರ ಕೆಳಗಿನದೆಲ್ಲ ಇದ್ದೂ ಇಲ್ಲದ ಹಾಗೆ. ಬೆನ್ನಿಗೆ ಹುಣ್ಣಾಗಬಾರದೆಂದು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ನಾನು ಶಾಲೆಯಲ್ಲಿದ್ದಾಗ ಅವ್ವ ಬಾಜು ಮನೆಯವರನ್ನು ಕರೆದುಕೊಳ್ಳುತ್ತಾಳೆ, ಉಳಿದ ಹೊತ್ತಿನಲ್ಲಿ ಆ ಕೆಲಸ ನನ್ನದು.

ಜೋಳದ ರಾಶಿ ಮುಗಿದ ಮೇಲೆ ನಮ್ಮ ಕರಿ ಹೊಲಗಳಲ್ಲಿ ಖಾಲಿ ಚಕ್ಕಡಿ ಓಡಿಸುವ ಪಂದ್ಯ ನಡೆಯುತ್ತದೆ. ಒಂದು ನಿಮಿಷದಲ್ಲಿ ಯಾರ ಎತ್ತುಗಳು ಹೆಚ್ಚು ದೂರ ಓಡುತ್ತವೋ ಅವರು ಗೆದ್ದ ಹಾಗೆ. ಮಲ್ಲೇಶಿ ಸುತ್ತ ಹತ್ತೂರಿಗೆ ಹೆಸರಾದ ಓಡಿಸುವವ. ಅವತ್ತು ಗಾಲಿ ಒಡ್ಡಿಗೆ ಬಡಿದು ಚಕ್ಕಡಿ ಮಗುಚಿತು, ಅವನು ಹಾರಿ ಹೋಗಿ ಕುತ್ತಿಗೆಯ ಮೇಲೆ ಬಿದ್ದ. ಬಿದ್ದವನನ್ನು ನೆಲಕ್ಕೆ ಬಿಡಬಾರದು ಎನ್ನುವುದು ನಮ್ಮ ಕಡೆಯ ಹಳೆಯ ರೂಢಿ. ಎಲ್ಲರೂ ಓಡುತ್ತಾರೆ. ಮೊದಲು ಮುಟ್ಟಿ ಎತ್ತಿದವನಿಗೆ ಪಂದ್ಯದ ಕಮಿಟಿಯವರು ರುಮಾಲು ಸುತ್ತಿ ಮರ್ಯಾದೆ ಮಾಡುತ್ತಾರೆ. ನಾನು ಎಲ್ಲರಿಗಿಂತ ಮುಂದೆ ಓಡಿದೆ. ಬಗಲಿಗೆ ಕೈಹಾಕಿ ಎಬ್ಬಿಸಿ ಕೂರಿಸಿದೆ. ನಾಲ್ಕು ಮಂದಿ ಕೈಕಾಲು ಹಿಡಿದರು, ತಲೆಯ ಮೇಲೆ ಒಂದು ಕೊಡ ನೀರು ಸುರಿದರು, ಹೊತ್ತುಕೊಂಡು ದವಾಖಾನೆಗೆ ಓಡಿದೆವು. ಮಲ್ಲೇಶಿ ಬದುಕಿದ. ಎಂಟು ದಿನದ ಮೇಲೆ ನನ್ನ ತಲೆಗೆ ಕೆಂಪು ರುಮಾಲು ಬಂತು. ಮನೆಗೆ ಬಂದವರೆದುರು ಮಲ್ಲೇಶಿ, "ನಮ್ಮಣ್ಣ ಎತ್ತಿದ್ದಕ್ಕ ನಾ ಉಳದೀನ್ರಿ" ಎನ್ನುತ್ತಿದ್ದ. ಕೇಳಿ ಕೇಳಿ ನಾನೂ ಅದನ್ನು ನಂಬಿದ್ದೆ.

ಅವನಿಗೆ ಮೋಟಾರು ರೇಸಿನ ಹುಚ್ಚು ಹಿಡಿಸಿದವರು ಸರೋಜಾಳ ಗಂಡ. ಡಾಕ್ಟರು ಭಾನುವಾರಗಳಂದು ತಮ್ಮೂರ ಬಳಿಯ ಸಣ್ಣ ರೇಸ್ ಮೈದಾನದಲ್ಲಿ ಪುಕ್ಕಟೆ ಸೇವೆ ಮಾಡುತ್ತಾರೆ. ಓದಿ ಮುಗಿಸಿದ ರೇಸಿನ ಪತ್ರಿಕೆಗಳನ್ನು ಹಡಗಿನ ಟಪಾಲಿಗೆ ಹಾಕುತ್ತಿದ್ದರು, ಅವು ಮೂರು ತಿಂಗಳಿಗೆ ನಮ್ಮ ಮನೆ ಮುಟ್ಟುತ್ತಿದ್ದವು. ನಾನು ಓದಿ ಕನ್ನಡದಲ್ಲಿ ಹೇಳಬೇಕು, ಮಲ್ಲೇಶಿ ಕೇಳಬೇಕು. ಅವನು ಅಂಗಾತ ಮಲಗಿದರೆ ಕಾಣುವುದು ಮಾಳಿಗೆಯ ಹಲಗೆಗಳು ಮಾತ್ರ, ಆದ್ದರಿಂದ ಚಿತ್ರಗಳನ್ನು ಅಲ್ಲಿಗೇ ಅಂಟಿಸಿದೆ. ಒಮ್ಮೆ ಒಬ್ಬ ಚಾಲಕ ಗೆದ್ದನೆಂದು ಓದಿ ಓಣಿಗೆಲ್ಲ ಬೆಲ್ಲ ಹಂಚಿದೆವು. ಮುಂದಿನ ಕಟ್ಟು ಬಂದಾಗ ತಿಳಿಯಿತು, ನಾವು ಬೆಲ್ಲ ಹಂಚಿದ ದಿನಕ್ಕೆ ಅವನು ಸತ್ತು ಒಂದು ತಿಂಗಳಾಗಿತ್ತು. ಮಲ್ಲೇಶಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಾಳು ಹುಚ್ಚು, ಬಿಡೋಣವೆಂದರೆ ಅವನಿಗೆ ಬೇರೆ ಏನಿದೆ?

ಅವನ ಮೆಚ್ಚಿನವನು ದೊಡ್ಡ ಹೆಸರಿನವನಲ್ಲ. ಡಾಕ್ಟರ ಊರಿನ ಆ ಸಣ್ಣ ಮೈದಾನದಲ್ಲಿಯೇ ಓಡಿಸುವ ಒಬ್ಬ ಹುಡುಗ, ಹಸಿರು ಹೆಲ್ಮೆಟ್ಟು, ವಾರದ ಉಳಿದ ದಿನ ಮನೆಮನೆಯ ನಲ್ಲಿ ರಿಪೇರಿ ಮಾಡುತ್ತಾನಂತೆ. ಹೆಸರು ನಾಲಗೆಗೆ ಹೊರಳುವುದಿಲ್ಲವೆಂದು ಮಲ್ಲೇಶಿ ಅವನನ್ನು ಗಿಳಿ ಎಂದು ಕರೆಯುತ್ತಿದ್ದ. ಮಾಳಿಗೆಯ ನಟ್ಟನಡುವಿನ ಚಿತ್ರ ಅವನದೇ.

ಹೊರಡುವ ದಿನ ಮಲ್ಲೇಶಿ ನನ್ನನ್ನು ಹತ್ತಿರ ಕರೆದ.

"ಅಣ್ಣಾ, ಕಾರು ಮುರದ ಬಿದ್ದದ್ದು ಒಂದ ಫೋಟೋ ಹಾಕ್ತಾರ. ಆಮ್ಯಾಲ ಅದರಾಗಿದ್ದಾಂವ ದವಾಖಾನ್ಯಾಗ ನಕ್ಕೋತ ಕುಂತದ್ದು ಒಂದ ಹಾಕ್ತಾರ. ನಡುವ ಏನ ಮಾಡ್ತಾರ ಅನ್ನೂದು ಯಾರೂ ತೋರ್ಸಂಗಿಲ್ಲ. ಬಿದ್ದಾಂವನ್ನ ಹೆಂಗ ಹೊರಗ ತಗೀತಾರ, ಅದನ್ನ ಕಣ್ಣಾರೆ ನೋಡ್ಕೊಂಡ ಬಾ."

"ಆತ ಬಿಡಪಾ, ನೋಡ್ಕೊಂಡ ಬರ್ತೀನಿ."

"ಮತ್ತ ಗಿಳೀ ಕೈ ಮುಟ್ಟಿ ಬಾ."

ಎರಡೂ ಆದವು. ಎರಡೂ ಆಗದಿದ್ದರೆ ಚೆನ್ನಾಗಿತ್ತು.

ವಿಮಾನ ನಿಲ್ದಾಣ

ಲಂಡನ್ನಿನಲ್ಲಿ ಇಳಿದ ಕೂಡಲೇ ನಮ್ಮನ್ನು ತಡೆದದ್ದು ವಿಭೂತಿ. ಚಿಗವ್ವ ವರ್ಷಕ್ಕೆ ಸಾಲುವಷ್ಟು ವಿಭೂತಿ ಗಟ್ಟಿಗಳನ್ನು ಧೋತರದ ಅರಿವೆಯಲ್ಲಿ ಕಟ್ಟಿ, ಬಾಣಂತಿಗೆಂದು ಮಾಡಿದ ಅಂಟಿನ ಉಂಡಿಯ ಡಬ್ಬಿಯ ನಡುವೆ ಇಟ್ಟಿದ್ದಳು. ಗಂಟು ಬಿಚ್ಚಿದ ಅಧಿಕಾರಿಯ ಮುಖ ಒಮ್ಮೆಲೆ ಬಿಗಿಯಿತು. ಬಿಳಿಯ ಗಟ್ಟಿ, ಬಿಳಿಯ ಪುಡಿ, ಅದರ ಹಿಂದೆ ಕನ್ನಡಕದ ಒಬ್ಬ ಮಾಸ್ತರ. ಅವನು ಬೆರಳಿನಿಂದ ಒಂದು ಗಟ್ಟಿ ಒತ್ತಿ ನೋಡಿದ್ದೇ ತಡ, ಚಿಗವ್ವ ಸಿಡಿದೆದ್ದಳು.

"ಏ ಯಪ್ಪಾ! ಬೂಟು ಹಾಕ್ಕೊಂಡ ವಿಭೂತಿ ಮುಟ್ಟತೀಯಲ್ಲೋ! ಶಿವೂ, ಹೇಳೋ ಅಂವಗ!"

ಇಪ್ಪತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನನ್ನ ಬಾಯಲ್ಲಿ ಆಗ ಬಂದದ್ದು, ಇದು ಸುಟ್ಟ ಸಗಣಿ, ಹಣೆಗೆ ಹಚ್ಚಿಕೊಳ್ಳುತ್ತೇವೆ, ಇಷ್ಟೇ. ಅವನು ನನ್ನನ್ನು ನೋಡಿದ, ಚಿಗವ್ವನ ಹಣೆಯನ್ನು ನೋಡಿದ, ತನ್ನ ಬೆರಳನ್ನು ನೋಡಿಕೊಂಡ. ಇನ್ನಿಬ್ಬರನ್ನು ಕರೆದ. ಮೂವರೂ ಸೇರಿ ಒಂದು ತಾಸು ಅದನ್ನು ಮೂಸಿ, ಕರಗಿಸಿ, ಕಾಗದದಲ್ಲಿ ಬರೆದು, ಕೊನೆಗೆ ಮೊದಲಿನಂತೆಯೇ ಗಂಟು ಕಟ್ಟಿಕೊಟ್ಟರು. ಎಷ್ಟು ಸಂಶಯವಿದ್ದರೂ ಒಬ್ಬನೂ ದನಿ ಏರಿಸಲಿಲ್ಲ. ಏರಿಸಿದವಳು ನಮ್ಮ ಚಿಗವ್ವ ಒಬ್ಬಳೇ.

ಸರೋಜಾಳ ಮನೆ

ನಾವು ಮುಟ್ಟಿದ ನಾಲ್ಕನೆಯ ದಿನ ಸರೋಜಾ ಗಂಡುಮಗು ಹೆತ್ತಳು. ಅಲ್ಲಿಯ ಜನ ಹವಾಮಾನದ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲವೆಂದು ಕೇಳಿದ್ದೆ, ಅದು ಸುಳ್ಳು. ಅವರು ತೋಟದ ವಿಷಯವನ್ನೂ ಮಾತಾಡುತ್ತಾರೆ. ಎದುರು ಮನೆಯ ಮುದುಕ ತನ್ನ ಕಾರನ್ನು ಭಾನುವಾರ ತೊಳೆದು, ಒರೆಸಿ, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಒಳಗೆ ಹೋಗುತ್ತಿದ್ದ. ಎಲ್ಲಿಗೂ ಹೋಗುತ್ತಿರಲಿಲ್ಲ.

ಮಗು ಮನೆಗೆ ಬಂದ ಮರುದಿನ ಚಿಗವ್ವ ಬಾಣಂತಿಗೂ ಕೂಸಿಗೂ ಎರೆದು, ಒಂದು ಬೋಗುಣಿಯಲ್ಲಿ ಕೆಂಡ ಮಾಡಿ ಲೋಬಾನ ಹಾಕಿದಳು. ಹೊಗೆ ಹೊರಗೆ ಹೋಗಬಾರದೆಂದು ಬಾಗಿಲು ಮುಚ್ಚಿದಳು. ಅದು ಮೇಲಿನ ಕಿಟಕಿಯಿಂದ ಹೊರಬಿದ್ದಿತು. ಐದು ನಿಮಿಷವಾಗಿರಲಿಕ್ಕಿಲ್ಲ, ಬೆಂಕಿ ಆರಿಸುವ ಕೆಂಪು ಗಾಡಿ ಬಾಗಿಲಿಗೆ ಬಂದು ನಿಂತಿತು. ಎದುರು ಮನೆಯ ಮುದುಕ ಫೋನು ಮಾಡಿದ್ದ. ಹೆಲ್ಮೆಟ್ಟಿನ ನಾಲ್ವರು ಆಳುಗಳು ಒಳಗೆ ನುಗ್ಗಿ ನೋಡುತ್ತಾರೆ, ಬಾಣಂತಿ ಕೂದಲು ಹರವಿಕೊಂಡು ಕೂತಿದ್ದಾಳೆ, ಅಜ್ಜಿ ಕೂಸನ್ನು ಹೊಗೆಯ ಮೇಲೆ ಹಿಡಿದು ಜೋಗುಳ ಹಾಡುತ್ತಿದ್ದಾಳೆ.

"ಇವ್ರ್ಯಾಕ ಬಂದ್ರು?" ಎಂದಳು ಚಿಗವ್ವ.

"ನೀ ಮನಿ ಸುಡಾಕತ್ತೀ ಅಂತ ಬಂದಾರ."

"ಸುಡಗಾಡ! ಕೂಸಿಗೆ ಹೊಗಿ ಹಾಕೂದ ಗೊತ್ತಿಲ್ಲ ಇವರಿಗೆ, ರಾಜ್ಯಾ ಆಳಾಕ ಬಂದಿದ್ರು ನಮ್ಮನ್ನ!"

ಸರೋಜಾ ನಗುತ್ತ ಅಳುತ್ತಿದ್ದಳು. ಆ ನಾಲ್ವರು ತಲಾ ಒಂದು ಅಂಟಿನ ಉಂಡಿ ತಿಂದು ಹೋದರು. ಈ ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಅದೇ ಕೊನೆಯ ಸಲ.

ರೇಸ್ ಮೈದಾನ, ಶನಿವಾರ

ಡಾಕ್ಟರು ನನ್ನನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಹಸಿರು ಬಯಲು, ನಡುವೆ ಅಂಕುಡೊಂಕಾದ ಡಾಂಬರು ದಾರಿ, ಅಂಚಿಗೆ ಮಣ್ಣಿನ ದಿಬ್ಬ, ಅದರಾಚೆ ಕಟ್ಟಿಗೆಯ ಬೇಲಿ. ಬೇಲಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಮೋಟಾರು ರೇಸು ಅಪಾಯಕಾರಿ ಎಂದು ಬರೆದ ಹಲಗೆ. ಟಿಕೀಟಿನ ಮೇಲೂ ಅದೇ ಮಾತು. ಅಪಾಯವೆಂದು ಗೊತ್ತಿದ್ದೇ ಬರುತ್ತಾರೆ, ಗೊತ್ತಿದೆಯೆಂದು ಬರೆದೂ ಇಡುತ್ತಾರೆ. ನಮ್ಮ ಪಂದ್ಯದ ಹ್ಯಾಂಡ್‌ಬಿಲ್ಲಿನಲ್ಲಿ ಬಹುಮಾನದ ತೊಲ ಬಂಗಾರ ಬಿಟ್ಟರೆ ಏನೂ ಇರುವುದಿಲ್ಲ.

ನೋಡಲು ಬಂದವರ ರೀತಿ ವಿಚಿತ್ರವಾಗಿತ್ತು. ಮಡಚುವ ಕುರ್ಚಿ, ಥರ್ಮಾಸಿನಲ್ಲಿ ಚಹಾ, ಕಾಲ ಮೇಲೆ ಕಂಬಳಿ. ನನ್ನ ಪಕ್ಕದ ಹೆಣ್ಣುಮಗಳು ಸ್ವೆಟರು ಹೆಣೆಯುತ್ತಿದ್ದಳು. ಕಾರುಗಳು ಕಿವಿ ಹರಿಯುವಂತೆ ಹಾದುಹೋದಾಗ ಅವಳ ಗಂಡ ಗಡಿಯಾರ ನೋಡಿ ವಹಿಯಲ್ಲಿ ಪೆನ್ಸಿಲಿನಿಂದ ಒಂದು ಅಂಕಿ ಬರೆಯುತ್ತಿದ್ದ, ಅವಳು ಒಂದು ಸುತ್ತು ಉಲ್ಲನ್ ಎಳೆದುಕೊಳ್ಳುತ್ತಿದ್ದಳು. ಸೀಟಿಯಿಲ್ಲ, ಕೇಕೆಯಿಲ್ಲ, ಟವೆಲು ತಿರುವುವವರಿಲ್ಲ. ನಮ್ಮಲ್ಲಿ ಎತ್ತು ಹೊರಡುವ ಮೊದಲೇ ಅರ್ಧ ಮಂದಿಯ ದನಿ ಬಿದ್ದುಹೋಗಿರುತ್ತದೆ. ಇವರಿಗೆ ನಿಜವಾಗಿ ಅಭಿಮಾನ ಇದೆಯೋ ಇಲ್ಲವೋ ಎಂದು ನನಗೆ ಸಂಶಯ ಬಂತು.

ಶೆಡ್ಡಿನಲ್ಲಿ ಒಂದು ಸ್ಟೂಲಿನ ಮೇಲೆ ಹಸಿರು ಹೆಲ್ಮೆಟ್ಟು ಕಂಡಿತು. ನನ್ನ ಎದೆ ಹುಡುಗನಂತೆ ಹೊಡೆದುಕೊಂಡಿತು. ಮಾಳಿಗೆಯ ಹಲಗೆಯಿಂದ ಕೆಳಗಿಳಿದು ಬಂದ ಹಾಗೆ ಗಿಳಿ ಅಲ್ಲಿಯೇ ನಿಂತು ಬನ್ನು ತಿನ್ನುತ್ತಿದ್ದ. ಸಣಕಲ, ಕೆಂಪು ಕೂದಲು, ಕೈಯೆಲ್ಲ ಗ್ರೀಸು. ಮಾತಾಡಿಸಲು ನನಗೆ ಬಾಯಿ ಬರಲಿಲ್ಲ.

"ನಾಳೆ ರೇಸು ಮುಗದ ಮ್ಯಾಲ ಭೆಟ್ಟಿ ಮಾಡಸ್ತೀನಿ ಬರ್ರಿ, ಮಾಸ್ತರ" ಎಂದರು ಡಾಕ್ಟರು. "ಮಲ್ಲೇಶಿ ಸುದ್ದಿ ಅಂವಗ ಹೇಳೀನಿ. ಭಾಳ ಖುಷಿ ಆಗ್ಯಾನ."

ರೇಸ್ ಮೈದಾನ, ಭಾನುವಾರ

ಡಾಕ್ಟರು ತಮ್ಮ ಕೆಲಸದ ಜಾಗಕ್ಕೆ ಹೋದರು. ನಾನು ಒಂದು ತಿರುವಿನ ಬಳಿ ಬೇಲಿ ಹಿಡಿದು ನಿಂತೆ. ನಾಲ್ಕನೆಯ ಸುತ್ತಿಗೆ ಗಿಳಿ ಮೂರನೆಯವನಾಗಿದ್ದ. ಐದನೆಯದಕ್ಕೆ ಎರಡನೆಯವನಾದ. ನಾನು ಮರ್ಯಾದೆ ಮರೆತು, "ಹೋಗಲೇ ಗಿಳಿ, ಹೋಗಲೇ ನನ್ನ ಮಗನೇ!" ಎಂದು ಕೂಗಿದೆ. ನಿನ್ನೆಯ ಸ್ವೆಟರಿನ ಹೆಂಗಸು ಅಲ್ಲಿಯೂ ಹತ್ತಿರದಲ್ಲೇ ಕೂತಿದ್ದಳು, ತಿರುಗಿ ನೋಡಿ ಮುಗುಳ್ನಕ್ಕಳು.

ಆರನೆಯ ಸುತ್ತಿಗೆ ಅವನ ಮುಂದಿನ ಗಾಲಿ ಇನ್ನೊಬ್ಬನ ಹಿಂದಿನ ಗಾಲಿಯ ಮೇಲೆ ಹತ್ತಿತು. ಕಾರು ಎದ್ದು, ಗಾಳಿಯಲ್ಲಿ ತಿರುಗಿ, ನನ್ನ ಕಣ್ಣೆದುರಿಗೇ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಧೂಳು ಇಳಿದಾಗ ಅದು ನೆಟ್ಟಗೆ ನಿಂತಿತ್ತು. ಒಳಗೆ ಹಸಿರು ತಲೆ ಒಂದು ಕಡೆ ವಾಲಿತ್ತು. ಒಂದು ಕೈ ಸಣ್ಣಗೆ ಅಲುಗಿತು.

ಬೇಲಿ ಹೇಗೆ ಹಾರಿದೆನೋ ಗೊತ್ತಿಲ್ಲ. ನನ್ನ ಕಾಲಿಗೆ ಗೊತ್ತಿದ್ದದ್ದು ಒಂದೇ ರೂಢಿ. "ಎತ್ರಿ ಅವನ್ನ! ಎತ್ರೋ!" ಎಂದು ಕನ್ನಡದಲ್ಲಿಯೇ ಒದರುತ್ತ ದಿಬ್ಬ ಇಳಿದೆ. ಕಾರಿಗೆ ಹತ್ತು ಮಾರು ಇರುವಾಗ ಕಿತ್ತಳೆ ಬಣ್ಣದ ಅಂಗಿಯ ಒಬ್ಬ ದಾಂಡಿಗ ನನ್ನ ಸೊಂಟಕ್ಕೆ ಕೈ ಹಾಕಿ ಹಿಡಿದುಬಿಟ್ಟ. ನಾನು ಒದ್ದೆ, ಗುದ್ದಿದೆ. ಅವನು ಬಿಡಲಿಲ್ಲ, ಬೈಯಲೂ ಇಲ್ಲ.

ಆಮೇಲೆ ನಾನು ಕಂಡದ್ದು ಇಷ್ಟು. ಕಿತ್ತಳೆ ಅಂಗಿಯವರು ಐದಾರು ಮಂದಿ ಓಡಿ ಬಂದರು. ಒಬ್ಬ ಬೆಂಕಿ ಆರಿಸುವ ಸಿಲಿಂಡರು ಹಿಡಿದು ನಿಂತ. ಒಬ್ಬ ಬಾವುಟ ಬೀಸಿದ. ನಡುವಯಸ್ಸಿನವನೊಬ್ಬ ಕಾರಿನ ಹಿಂದೆ ಮಂಡಿಯೂರಿ, ಎರಡೂ ಕೈ ಮುಂದೆ ಚಾಚಿ, ಹಸಿರು ಹೆಲ್ಮೆಟ್ಟನ್ನು ಎರಡೂ ಕಡೆಯಿಂದ ಹಿಡಿದ. ಹಿಡಿದು ಸುಮ್ಮನೆ ಕೂತ. ಅವನ ತುಟಿ ಮಾತ್ರ ಅಲುಗುತ್ತಿತ್ತು, ಹುಡುಗನ ಜೊತೆ ಏನೋ ಮಾತಾಡುತ್ತಿದ್ದ. ಯಾರೂ ಎತ್ತಲಿಲ್ಲ. ಡಾಕ್ಟರು ಬಂದರು, ಬಗ್ಗಿ ನೋಡಿದರು, ಅವರೂ ಎತ್ತಲಿಲ್ಲ. ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿದರು, ಕಾರಿನ ತಗಡನ್ನು ಕತ್ತರಿಸಿ ತೆಗೆದರು, ಬೆನ್ನ ಹಿಂದೆ ಹಲಗೆ ಸೇರಿಸಿದರು. ಶಾಲೆಯ ಒಂದು ಪಿರಿಯಡ್ಡಿನಷ್ಟು ಹೊತ್ತು ಹಿಡಿಯಿತು. ಸಾವಿರಾರು ಮಂದಿಯಲ್ಲಿ ಒಬ್ಬರೂ ಬೇಲಿ ದಾಟಲಿಲ್ಲ, ಒಬ್ಬರೂ ಮಾತಾಡಲಿಲ್ಲ. ಆ ಹೆಂಗಸಿನ ಕೈಯಲ್ಲಿ ಸ್ವೆಟರು ಹಾಗೇ ನಿಂತಿತ್ತು.

ಕಟುಕರು, ಎಂದುಕೊಂಡೆ. ಒಂದು ಜೀವ ಒದ್ದಾಡುತ್ತಿದೆ, ಇವರು ಬಡಗಿ ಕೆಲಸ ಮಾಡುತ್ತಾರೆ. ಸಿಟ್ಟಿನಿಂದ ನನಗೆ ಅಳು ಬಂತು.

ಕೊನೆಗೆ ಆರು ಮಂದಿ ಸುತ್ತ ನಿಂತರು. ತಲೆ ಹಿಡಿದವನೇ ಎಣಿಸಿದ, ಒಂದು, ಎರಡು, ಮೂರು. ತಲೆ, ಹೆಗಲು, ಸೊಂಟ ಎಲ್ಲ ಒಂದೇ ಗೆರೆಯಲ್ಲಿ, ತುಂಬಿದ ಕೊಡ ಇಳಿಸಿದ ಹಾಗೆ, ಗಿಳಿ ಹಲಗೆಯ ಮೇಲೆ ಮಲಗಿದ.

ಸಂಜೆ ಚಹಾದ ಡೇರೆಯಲ್ಲಿ ಡಾಕ್ಟರು ನನ್ನ ಮೇಲೆ ಸಿಟ್ಟಾದರು. ಅವರು ಸಿಟ್ಟಾದದ್ದು ನಾನು ಕಂಡದ್ದು ಅದೊಂದೇ ಸಲ.

"ಏನ್ರಿ ಮಾಸ್ತರ ಇದು! ಅವನ್ನ ಮುಟ್ಟಿದ್ರ ಏನ ಆಗ್ತಿತ್ತು ಗೊತ್ತೈತೇನ್ರಿ? ಕುತ್ತಿಗಿ ಎಲಬು ಮುರದಿರ್ತೈತಿ, ಒಳಗಿನ ನರದ ಹುರಿ ಇನ್ನೂ ಹರದಿರಂಗಿಲ್ಲ. ಅಂಥಾ ಹೊತ್ತಿನ್ಯಾಗ ಬಗಲಾಗ ಕೈ ಹಾಕಿ ಎಬ್ಬಿಸಿ ಕುಂದ್ರಿಸಿದ್ರ, ಆ ಮುರದ ಎಲಬು ಹುರಿನ್ನ ಜಜ್ಜಿ ಬಿಡ್ತೈತಿ. ಆಮ್ಯಾಲ ಜೀವ ಇರೂತನಕಾ ಹಾಸಿಗಿ..."

ಅಲ್ಲಿಗೆ ಅವರು ತಟ್ಟನೆ ನಿಂತರು. ನನ್ನ ಮುಖ ನೋಡಿದರು. ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟರು.

"ಮಲ್ಲೇಶಿನ್ನ ನಾವು ಹಂಗ ಎತ್ತಿದ್ವಿ" ಎಂದೆ. "ನಾನ ಎತ್ತಿದ್ದೆ."

ಅವರು ಮೆಲ್ಲಗೆ ಕೇಳಿದರು. "ಎತ್ತೂಕಿಂತ ಮೊದಲ ಕಾಲು ಆಡ್ತಿದ್ದುವೇನ್ರಿ?"

"ನೆನಪಿಲ್ರಿ."

ನೆನಪಿತ್ತು. ಚೆನ್ನಾಗಿ ನೆನಪಿತ್ತು. ಮಲ್ಲೇಶಿ ಬಿದ್ದಾಗ ಅವನ ಬಲಗಾಲು ಗಾಲಿಯ ಪಕ್ಕಕ್ಕಿತ್ತು. ಎತ್ತುಗಳು ಇನ್ನೂ ಜಗ್ಗುತ್ತಿದ್ದವು. ಗಾಲಿ ಹೊರಳುವುದನ್ನು ಕಂಡು ಅವನು ತಾನೇ ಆ ಕಾಲನ್ನು ಮಡಚಿ ಒಳಗೆ ಎಳೆದುಕೊಂಡ. ಓಡುತ್ತ ಬರುತ್ತಿದ್ದ ನಾನು ಅದನ್ನು ಕಣ್ಣಾರೆ ಕಂಡಿದ್ದೆ. ಜೀವ ಇದೆ ಎಂದು ಸಂತೋಷದಿಂದ ಇನ್ನೂ ಜೋರಾಗಿ ಓಡಿದ್ದೆ. ಅದು ಅವನ ಕಾಲು ಆಡಿದ ಕೊನೆಯ ಸಲ. ಅದರ ಮರುಕ್ಷಣವೇ ನನ್ನ ಕೈ ಅವನ ಬಗಲಿಗೆ ಹೋಗಿತ್ತು.

ಆಸ್ಪತ್ರೆ

ಐದು ದಿನದ ಮೇಲೆ ಡಾಕ್ಟರು ನನ್ನನ್ನು ಗಿಳಿಯ ಹತ್ತಿರ ಕರೆದುಕೊಂಡು ಹೋದರು. ಹೋಗುವ ಮನಸ್ಸಿರಲಿಲ್ಲ. ಕೊಟ್ಟ ಮಾತು ಇತ್ತು. ಅವನ ತಲೆಯನ್ನು ಕಬ್ಬಿಣದ ಬಳೆಯಂಥದೊಂದರಲ್ಲಿ ಬಿಗಿದಿದ್ದರು. ಕುತ್ತಿಗೆಯ ಎಲುಬು ಎರಡು ಕಡೆ ಮುರಿದಿತ್ತು. ನನ್ನನ್ನು ಕಂಡು ಅವನು ನಕ್ಕ. ನಿಮ್ಮ ತಮ್ಮನಿಗೆ ತೋರಿಸಲು ನನ್ನ ಹತ್ತಿರ ಈಗ ಇದೊಂದೇ ಆಟ ಇದೆ ಎಂದು, ಹೊದಿಕೆಯಿಂದ ಹೊರಗೆ ಚಾಚಿದ್ದ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದ.

ನಾನು ಆ ಹೆಬ್ಬೆರಳನ್ನೇ ನೋಡುತ್ತ ನಿಂತೆ. ಸುಳ್ಳು ಯಾಕೆ ಹೇಳಲಿ, ಆ ಹುಡುಗನ ಒಳ್ಳೆಯ ಹಣೆಬರಹ ನೋಡಿ ನನಗೆ ಸಂತೋಷವಾಗಲಿಲ್ಲ. ಐದು ವರ್ಷ ಪ್ರತಿ ಗೆಲುವಿಗೆ ಕೂಗಿದ ಅಭಿಮಾನಿ ನಾನು, ಅವನ ಹೆಬ್ಬೆರಳಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಆ ಹೊತ್ತಿನಲ್ಲಿ ನಿನಗೆ ಏನು ನೆನಪಿದೆ ಎಂದು ಕೇಳಿದೆ. ಒಬ್ಬರು ತಲೆ ಹಿಡಿದುಕೊಂಡು, ಬೆಳಿಗ್ಗೆ ಏನು ತಿಂದೆ, ನಿಮ್ಮ ನಾಯಿಯ ಹೆಸರೇನು ಎಂದು ಕೇಳುತ್ತಲೇ ಇದ್ದರು ಎಂದ. ತಲೆ ಹಿಡಿದವನು ಊರ ಟಪಾಲು ಹಂಚುವವನಂತೆ. ಸತ್ತರೂ ಬದುಕಿದರೂ ಅಲುಗಿಸಬೇಡ ಎನ್ನುವುದನ್ನು ಅವನಿಗೆ ಒಂದು ಚಳಿಗಾಲ ಪೂರ್ತಿ ಸಂಜೆ ಸಂಜೆ ಕೂರಿಸಿ ಕಲಿಸಿದ್ದರಂತೆ. ನನಗೆ ಯಾರೂ ಕಲಿಸಲಿಲ್ಲ. ಮಾಸ್ತರನಾಗಿ ಹೇಳುತ್ತೇನೆ, ಕಲಿಸಲಿಲ್ಲ ಎನ್ನುವುದು ತಪ್ಪಿಗೆ ನೆವವಾಗುವುದಿಲ್ಲ.

ಗಿಳಿಯ ಕೈ ಮುಟ್ಟಿದೆ. ಬೆಚ್ಚಗಿತ್ತು. ಅವನು ಗಟ್ಟಿಯಾಗಿ ಹಿಸುಕಿದ.

ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಡಾಕ್ಟರು, "ನಿಮಗ ಗೊತ್ತಿರ್ಲಿಲ್ರಿ ಮಾಸ್ತರ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು. ಹಚ್ಚಿಕೊಳ್ಳದೆ ಎಲ್ಲಿಡಲಿ? ಚಿಗವ್ವ ಇನ್ನೂ ಮೂರು ತಿಂಗಳು ಅಲ್ಲಿಯೇ ಉಳಿದಳು. ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು.

ಮತ್ತೆ ಅಣ್ಣಿಗೇರಿ

ಮಲ್ಲೇಶಿ ಗಡ್ಡ ಬೋಳಿಸಿಕೊಂಡು, ಹೊಸ ಅಂಗಿ ಹಾಕಿಸಿಕೊಂಡು ಕಾಯುತ್ತಿದ್ದ. ನಾನು ಚಪ್ಪಲಿ ಬಿಡುವ ಮೊದಲೇ, "ಗಿಳೀ ಕೈ ಮುಟ್ಟಿದೇನು?" ಎಂದ. ಮುಟ್ಟಿದೆ ಎಂದೆ. "ಯಾವ ಕೈಲೆ?" ಬಲಗೈ ಚಾಚಿದೆ. ಅದನ್ನು ತನ್ನ ಕೆನ್ನೆಗೆ ಒತ್ತಿಸಿಕೊಂಡ. ಅವನ ಬೆರಳಿಗೆ ಏನೂ ತಿಳಿಯುವುದಿಲ್ಲವಲ್ಲ, ಅದಕ್ಕೆ.

ಗಿಳಿ ಬಿದ್ದದ್ದನ್ನು ಹೇಳಿದೆ. ಗಾಲಿಯ ಮೇಲೆ ಗಾಲಿ ಹತ್ತಿದ್ದು, ದಿಬ್ಬಕ್ಕೆ ಬಡಿದದ್ದು.

"ಆಮ್ಯಾಲ? ಹೆಂಗ ತಗದ್ರು?"

ಮೂರು ವಾರ ಆ ಪ್ರಶ್ನೆಗೆ ಉತ್ತರ ಹೊಂದಿಸುತ್ತಲೇ ಬಂದಿದ್ದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಹೆಂಗ ಅಂದ್ರ... ನಮ್ಮಂಗಽ. ಎಲ್ಲಾರೂ ಓಡಿ ಬಂದ್ರು, ಎತ್ತಿದ್ರು, ದವಾಖಾನಿಗೆ ಒಯ್ದ್ರು."

"ಅಲ್ಲೂ ನಮ್ಮಂಗಽ?"

"ನಮ್ಮಂಗಽ."

ಮಲ್ಲೇಶಿ ಮಾಳಿಗೆ ನೋಡುತ್ತ ದೊಡ್ಡದೊಂದು ಉಸಿರು ಬಿಟ್ಟ. "ಹಂಗಾರ ನಾವು ಮಾಡಿದ್ದು ಬರೋಬ್ಬರಿ ಇತ್ತು" ಎಂದ. ಅವ್ವ ಕಣ್ಣೊರೆಸಿಕೊಂಡು 'ಶಿವನೇ' ಎಂದಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದೆ, ಮತ್ತೆ ಮತ್ತೆ ತೊಳೆದೆ.

ನವಲಗುಂದದ ಹಾದಿಯ ಹೊಲ

ಇಲ್ಲಿಗೆ ಮುಗಿಸಿದ್ದರೆ ಇದು ಪ್ರವಾಸದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಮರುವರ್ಷ ರಾಶಿ ಮುಗಿದು, ನವಲಗುಂದದ ಹಾದಿಯ ಹೊಲದಲ್ಲಿ ಮತ್ತೆ ಪಂದ್ಯ ನಡೆಯಿತು. ಕಮಿಟಿಯವರು ನನ್ನನ್ನು ಗಡಿಯಾರ ಹಿಡಿಯಲು ಕರೆದಿದ್ದರು. ಮೂರನೆಯ ಜೋಡಿ ಓಡುವಾಗ ಚಕ್ಕಡಿ ಪುಟಿದು, ಓಡಿಸುತ್ತಿದ್ದ ಆಳು ಹಿಂದಕ್ಕೆ ಬಿದ್ದ.

ಈ ಸಲವೂ ಎಲ್ಲರಿಗಿಂತ ಮುಂದೆ ಓಡಿದವನು ನಾನೇ. ಅವನ ತಲೆಯ ಹತ್ತಿರ ಮಂಡಿಯೂರಿ, ಎರಡೂ ಕಡೆಯಿಂದ ತಲೆ ಹಿಡಿದು, "ಯಾರೂ ಮುಟ್ಟಬ್ಯಾಡ್ರಿ! ಎತ್ತಬ್ಯಾಡ್ರಿ!" ಎಂದು ಕೂಗಿದೆ. ಅವನಿಗೆ, "ಮುಂಜಾನೆ ಏನ ತಿಂದ್ಯೋ ತಮ್ಮಾ?" ಎಂದು ಕೇಳಿದೆ. ಅವನು ಹೆದರಿ ನನ್ನನ್ನು ನೋಡಿದ. ಅಷ್ಟರಲ್ಲಿ ಮಂದಿ ಬಂದು ಮುಕ್ಕುರಿದರು.

"ಮಾಸ್ತರಗ ಹುಚ್ಚ ಹಿಡದೈತಿ! ನೆಲಕ್ಕ ಬಿದ್ದಾನ, ತಿಂದಿದ್ದು ಕೇಳಾಕತ್ತಾನ!"

"ಎತ್ತಾಕ ಬಿಡವಲ್ಲಲೇ! ಜಗ್ರಿ ಇವನ್ನ ಆಚಿಗೆ!"

ಯಾರೋ ನನ್ನ ಅಂಗಿ ಹಿಡಿದು ಎಳೆದರು, ಯಾರೋ ಕಪಾಳಕ್ಕೆ ಹೊಡೆದರು, ಕನ್ನಡಕ ಕರಿ ಮಣ್ಣಿನಲ್ಲಿ ಹೋಯಿತು. ಹತ್ತು ಕೈ ಅವನ ಬಗಲಿಗೆ ಹೋದವು. ನಾನು ಕಣ್ಣು ಮುಚ್ಚಿಕೊಂಡೆ.

ಅವನು ಎದ್ದು ನಿಂತ. ಮೈ ಕೊಡವಿಕೊಂಡ. ನಕ್ಕ. ಎತ್ತಿದವನಿಗೆ ಅಲ್ಲಿಯೇ ರುಮಾಲು ಸುತ್ತಿದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಇನ್ನು ಈ ಊರಿನಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎನ್ನುವುದು ಆ ನೋಟದಲ್ಲಿಯೇ ತಿಳಿಯಿತು. ಮುಂದೆ ಯಾವನ ಕುತ್ತಿಗೆ ಮುರಿಯುತ್ತದೋ, ಅವನನ್ನೂ ಹಾಗೆಯೇ ಎತ್ತುತ್ತಾರೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋದೆ. ಮಲ್ಲೇಶಿ ಮಾಳಿಗೆ ನೋಡುತ್ತ ಮಲಗಿದ್ದ. ಚಿತ್ರದ ಗಿಳಿ ಅವನ ಎದೆಯ ನೇರಕ್ಕೆ ನಗುತ್ತಿದ್ದ.

"ಅಣ್ಣಾ."

"ಹೂಂ."

"ಅಲ್ಲಿ ಓಡಿ ಬಂದು ಎತ್ತತಾರ ಅಂದಿದ್ದಿ. ಇಲ್ಲಿ ಯಾಕ ತಡದಿ?"

ನಾನು ಅವನ ಹೊದಿಕೆ ಸರಿಮಾಡಲು ಬಗ್ಗಿದೆ.

"ಅವತ್ತ ನೀ ಓಡಿ ಬರೂದು ಕಂಡಿತ್ತು ನನಗ. ಗಾಲಿ ಹೊಳ್ಳಾಕತ್ತಿತ್ತು ಅಂತ ಕಾಲ ಜಗ್ಗೊಂಡೆ. ನಿನಗ ಕಂಡಿತ್ತೇನು?"

"ಕಂಡಿತ್ತು."

ಹೊರಗೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವನು ಹೇಳಿದ, "ಅವ್ವನ್ನ ಕರಿ. ಮಗ್ಗಲಾ ಬದಲ ಮಾಡೂ ಹೊತ್ತಾತು."

"ನಾ ಅದೀನಲ್ಲೋ."

"ನೀ ಬ್ಯಾಡ."

ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. ನಾನು ಗೋಡೆಗೆ ಆತು ನಿಂತೆ. ಅವಳು ಒಂದು ಸಲ ಪ್ರಯತ್ನಿಸಿದಳು, ಎರಡು ಸಲ ಪ್ರಯತ್ನಿಸಿದಳು. ಅರವತ್ತೈದರ ಮುದುಕಿ, ಆರಡಿ ಮಗ. "ಶಿವೂ, ನನ್ನೊಬ್ಬಾಕಿ ಕಡೆ ಆಗವಲ್ದು. ಏನ ನೋಡ್ತಾ ನಿಂತಿ, ಬಾರೋ!" ಎಂದಳು. ಅವಳಿಗೆ ಏನೂ ಗೊತ್ತಿಲ್ಲ.

ಅವ್ವ ಕಾಲಿನ ಕಡೆ ಹಿಡಿದಳು. ನಾನು ತಲೆ, ಹೆಗಲು ಒಂದೇ ಗೆರೆಯಲ್ಲಿ ಹಿಡಿದು, ಒಂದು, ಎರಡು, ಮೂರು ಎಂದು ಎಣಿಸಿದೆ. ಇಂಗ್ಲೆಂಡಿನಿಂದ ಬಂದಾಗಿನಿಂದ ಹಾಗೆಯೇ ಎಣಿಸುತ್ತಿದ್ದೆ. ಯಾಕೆಂದು ಮಲ್ಲೇಶಿ ಒಮ್ಮೆಯೂ ಕೇಳಿರಲಿಲ್ಲ. ನನ್ನ ಕೈ ಅವನ ಬಗಲಿಗೆ ಹೋದಾಗ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಗೋಡೆಯ ಕಡೆ ಹೊರಳಿಸಿದ ಮೇಲೂ ತೆರೆಯಲಿಲ್ಲ.